ಎರಡಿಂಚು ಮಾರ್ಜಿನ್

ಆ ಬೀದಿಯಲ್ಲಿ ಅವರ ನಿಜವಾದ ಹೆಸರು ಕಟ್ಟಿಕೊಂಡು ಯಾರಿಗೂ ಏನೂ ಆಗಬೇಕಿರಲಿಲ್ಲ. ಎರಡಿಂಚು ಮಾಸ್ಟ್ರು ಅಂದರೆ ಸಾಕು, ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಅದೇ ಬಾಗಿಲು ತೋರಿಸುತ್ತಿದ್ದರು. ನಲವತ್ತೆರಡು ವರ್ಷ ಬಟ್ಟೆ ಹೊಲಿದ ಕೈ ಅದು. ಅಂಗಿಯಾಗಲಿ, ಪ್ಯಾಂಟಾಗಲಿ, ಮದುವೆಯ ಕೋಟಾಗಲಿ, ಒಳಗಡೆ ಎರಡಿಂಚು ಬಟ್ಟೆ ಮಡಚಿ ಬಿಡದೆ ಅವರು ಹೊಲಿದದ್ದೇ ಇಲ್ಲ. "ಮನುಷ್ಯ ಅಂದ್ಮೇಲೆ ಊದ್ತಾನೆ" ಅನ್ನುತ್ತಿದ್ದರು. "ಇವತ್ತು ಸೊಂಟ ಮೂವತ್ತು. ನಾಳೆ ಮದುವೆ ಆಗುತ್ತೆ, ಕೂತು ಉಣ್ಣೋ ಕೆಲಸ ಸಿಗುತ್ತೆ. ಆಗ ನನ್ನ ಮಾರ್ಜಿನ್ ನೆನಪಾಗುತ್ತೆ." ನೆನಪಾಗುತ್ತಿತ್ತು ಕೂಡ. ಹತ್ತು ವರ್ಷದ ಹಿಂದಿನ ಪ್ಯಾಂಟು ಕಂಕುಳಲ್ಲಿಟ್ಟುಕೊಂಡು, ಹೊಟ್ಟೆ ಒಳಕ್ಕೆಳೆದುಕೊಂಡು, ನಾಚಿಕೊಂಡು ಬಾಗಿಲಲ್ಲಿ ನಿಂತ ಗಂಡಸರಿಗೆ ಲೆಕ್ಕವಿಲ್ಲ. ಮಾಸ್ಟ್ರು ಹೊಲಿಗೆ ಬಿಚ್ಚಿ, ಎರಡಿಂಚು ಸಡಿಲಿಸಿ, "ನಾನು ಹೇಳಿರಲಿಲ್ವಾ" ಅಂತ ಒಂದು ಮಾತನ್ನೂ ಸೇರಿಸಿ ಕಳಿಸುತ್ತಿದ್ದರು.

ಇಂಥ ಮನುಷ್ಯ ಬಡಗಿಗೆ ಅಳತೆ ಬರೆದುಕೊಟ್ಟರೆ ಏನಾಗಬೇಕೋ ಅದೇ ಆಯಿತು. ಆದರೆ ಅದಕ್ಕೆ ಮೊದಲು ಆ ಮನೆ ನೋಡಬೇಕು.

ಮನೆ ದೊಡ್ಡದೇನಲ್ಲ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಅಂಗಡಿ. ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಬಚ್ಚಲು. ಮುಂದಿನ ಕೋಣೆಯ ಮೂಲೆಯಿಂದ ಹದಿಮೂರು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ. ಅಂಗಡಿಯ ನಟ್ಟನಡುವೆ ಕತ್ತರಿಸುವ ಟೇಬಲ್ಲು: ಏಳಡಿ ಉದ್ದ, ಮೂರೂವರೆ ಅಡಿ ಅಗಲ, ಮಾಸ್ಟ್ರ ಸೊಂಟದೆತ್ತರ. ಅದನ್ನು ಹೊರಗಿಂದ ತಂದದ್ದಲ್ಲ, ಆ ಕೋಣೆಯೊಳಗೇ ಕೂತು ಮಾಡಿದ್ದು. ಹಾಗಾಗಿ ಅದು ಬಾಗಿಲಿಂದ ಹೊರಗೂ ಹೋಗದು, ಮೆಟ್ಟಿಲು ಹತ್ತಿ ಮೇಲಕ್ಕೂ ಹೋಗದು. ಮನೆಯ ಯಜಮಾನ ಯಾರು ಅಂತ ಕೇಳಿದರೆ ಮಾಸ್ಟ್ರ ಹೆಂಡತಿ ಟೇಬಲ್ಲಿನ ಕಡೆ ಬೆರಳು ತೋರಿಸುತ್ತಿದ್ದರು. ಅದರ ಒಂದು ತುದಿಯಲ್ಲಿ ಮಾಸ್ಟ್ರು ನಿಂತು ಕತ್ತರಿಸಿದ್ದು, ಇನ್ನೊಂದು ತುದಿಯಲ್ಲಿ ಆಕೆ ಕೂತು ಕಾಜಾ ಹಾಕಿ ಗುಂಡಿ ಹೊಲಿದದ್ದು, ಅದರ ಕೆಳಗೆ ಬಟ್ಟೆ ಚೂರುಗಳ ನಡುವೆ ಮಗಳು ಮಲಗಿ ಬೆಳೆದದ್ದು.

ಎಲ್ಲ ಸರಿಯಾಗೇ ಇತ್ತು, ಹೆಂಡತಿಯ ಮಂಡಿ ಕೈಕೊಡುವವರೆಗೆ. ಮೊದಮೊದಲು ಆಕೆ ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತಿದ್ದರು. ಆಮೇಲೆ ಕೂತುಕೊಂಡೇ ಒಂದೊಂದಾಗಿ ಇಳಿಯತೊಡಗಿದರು. ಹೋದ ತಿಂಗಳು ಒಂದು ಬೆಳಿಗ್ಗೆ ಒಂಬತ್ತನೇ ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. "ರೀ" ಅಂತ ಕೂಗಿದರು. ಕೆಳಗೆ ಮಾಸ್ಟ್ರು ಮಷಿನ್ನು ತುಳಿಯುತ್ತಿದ್ದರು. ನಲವತ್ತೆರಡು ವರ್ಷ ಆ ಕಟಕಟ ಕೇಳಿ ಕೇಳಿ ಅವರ ಕಿವಿ ಎಷ್ಟು ಮಂದವಾಗಿತ್ತೆಂದರೆ, ಯಾವ ಮಾತೂ ಮೂರನೇ ಸಲಕ್ಕೆ ಮೊದಲು ಒಳಗೆ ಹೋಗುತ್ತಿರಲಿಲ್ಲ. ಹೆಂಡತಿ ಮೂರಲ್ಲ, ಮೂವತ್ತು ಸಲ ಕೂಗಿದರು. ಒಂದು ಗಂಟೆ ಕಳೆದ ಮೇಲೆ, ಇವತ್ತು ಯಾಕೋ ಟೀ ಬರಲಿಲ್ಲವಲ್ಲ ಅಂತ ಮಾಸ್ಟ್ರು ತಲೆಯೆತ್ತಿದರು ನೋಡಿ, ಆಗ ಕಂಡಿತು. ಮೆಟ್ಟಿಲ ಮೇಲೆ ಹೆಂಡತಿ ಕೂತಿದ್ದಾರೆ. ಕೂಗುವುದನ್ನೂ ಬಿಟ್ಟು, ಸೆರಗಿನ ತುದಿಯಲ್ಲಿ ಬಿಚ್ಚಿಹೋದ ಒಂದು ಎಳೆಯನ್ನು ಸುಮ್ಮನೆ ಸುತ್ತುತ್ತಾ ಕೂತಿದ್ದಾರೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಮಾಸ್ಟ್ರಿಗೆ ಒಂದಿಷ್ಟು ಸಮಾಧಾನವಾದರೂ ಆಗುತ್ತಿತ್ತು.

ಬೈದದ್ದು ಮಗಳು. ಅವಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಬಿದ್ದು ಸೊಂಟ ಮುರಿದುಕೊಂಡ ಮುದುಕ ಮುದುಕಿಯರನ್ನು ದಿನವೂ ಎತ್ತಿ ಕೂರಿಸುವ ಕೆಲಸ. ಫೋನಿನಲ್ಲಿ ಅವಳು ಮಾತಾಡಿದರೆ ಮಾಸ್ಟ್ರಿಗೂ ಒಂದೇ ಸಲಕ್ಕೆ ಕೇಳಿಸುತ್ತಿತ್ತು, ಅಷ್ಟು ಜೋರು.

"ಅಪ್ಪ, ಒಂದು ಪಟ್ಟಿ ಕಳಿಸಿದೀನಿ, ಹನ್ನೊಂದು ವಿಷಯ ಇದೆ. ಅಮ್ಮನ ಮಂಚ ಕೆಳಗೆ ಬರ್ಬೇಕು. ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಸರಳು, ಕೂತು ಸ್ನಾನ ಮಾಡೋಕೆ ಸ್ಟೂಲು. ಹೊಸ್ತಿಲು ತೆಗೆಸಿ. ಉಳಿದಿದ್ದು ಓದ್ಕೊಳ್ಳಿ. ಮುಂದಿನ ಭಾನುವಾರ ಬರ್ತೀನಿ. ಆಗಿದ್ರೆ ಊಟ ಮಾಡ್ಕೊಂಡು ವಾಪಸ್ ಹೋಗ್ತೀನಿ. ಆಗದಿದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ."

"ನಾನು?" ಅಂದರು ಮಾಸ್ಟ್ರು.

"ನೀವೂ ಬನ್ನಿ, ಯಾರು ಬೇಡ ಅಂದ್ರು? ಅಮ್ಮ ನಮ್ಮತ್ತೆ ಕೋಣೇಲಿ ಮಲಗ್ತಾಳೆ. ನೀವು ಸೋಫಾ ಮೇಲೆ."

"ಆ ಸೋಫಾಗೆ ಕವರು ಹೊಲಿದವನೇ ನಾನು ಪುಟ್ಟಿ. ಅದು ಐದಡಿ. ನಾನು ಐದಡಿ ಏಳು."

"ಅದಕ್ಕೂ ಎರಡಿಂಚು ಮಾರ್ಜಿನ್ ಬಿಟ್ಟಿರ್ತೀರಲ್ಲಪ್ಪ, ಬಿಚ್ಚಿಕೊಳ್ಳಿ" ಅಂದು ಮಗಳು ಫೋನಿಟ್ಟಳು.

ಟೇಬಲ್ಲಿನ ಆ ತುದಿಯಲ್ಲಿ ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದು, "ಅಲ್ಲಿ ಲಿಫ್ಟ್ ಇದೆಯಂತೆ" ಅಂದರು. ಮೂರು ಸಲ ಹೇಳಿದರು. ಮೂರನೇ ಸಲಕ್ಕೆ ಮಾಸ್ಟ್ರಿಗೆ ಕೇಳಿಸಿತು. ಇವಳು ತಮಾಷೆಗೆ ಅಂದಳೋ ನಿಜಕ್ಕೂ ಹೋಗಬೇಕೆಂದೇ ಇದ್ದಾಳೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಇವಳಿಲ್ಲದ ಮನೆಯಲ್ಲಿ ಒಬ್ಬನೇ ಮಷಿನ್ನು ತುಳಿಯುವುದನ್ನು ನೆನೆಸಿಕೊಂಡರೆ ಅವರಿಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆಯಾದಾಗ ಬೇರೆ ಗಂಡಸರು ಏನು ಮಾಡುತ್ತಾರೋ, ಮಾಸ್ಟ್ರು ಮಾತ್ರ ಕೊರಳಿನ ಟೇಪು ತೆಗೆದು ಅಳೆಯತೊಡಗಿದರು.

ಮೊದಲ ಪ್ರಶ್ನೆ ಮಂಚದ್ದು. ಟೇಬಲ್ಲು ಇದ್ದಲ್ಲೇ ಇರಬೇಕು, ಅದರಲ್ಲಿ ಮಾತೇ ಇಲ್ಲ. ಪಕ್ಕದ ಇಸ್ತ್ರಿ ಅಂಗಡಿಯವನು ಬಂದು, "ಮಾಸ್ಟ್ರೇ, ಈಗ ಎಷ್ಟು ಜನ ಬಟ್ಟೆ ಹೊಲಿಸ್ತಾರೆ? ವಾರಕ್ಕೆ ನಾಲ್ಕು ಆಲ್ಟ್ರೇಶನ್ ಬಂದ್ರೆ ಹೆಚ್ಚು. ಟೇಬಲ್ ಬಿಚ್ಚಿ ಹಾಕ್ಸಿ, ಕೋಣೆ ತುಂಬ ಜಾಗ" ಅಂದ. ಅವನ ಅಂಗಿಯ ಕಾಲರು ತಿರುಗಿಸಿ ಹೊಲಿಯುವುದಿತ್ತು. ಮಾಸ್ಟ್ರು ಅದನ್ನು ಹಾಗೆಯೇ ಮಡಚಿ ಅವನ ಕೈಗೆ ವಾಪಸು ಕೊಟ್ಟರು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಟೇಬಲ್ಲು ನಡುವೆ ಇರುವಾಗ ಮಂಚಕ್ಕೆ ಉಳಿದದ್ದು ಒಂದೇ ಜಾಗ: ಮೆಟ್ಟಿಲ ಪಕ್ಕದ ಗೋಡೆಗೂ ಬೀದಿಯ ಗೋಡೆಗೂ ನಡುವಿನ ಸಂದು. ಅಳೆದರು. ಎಪ್ಪತ್ತನಾಲ್ಕು ಇಂಚು. ಎರಡು ಸಲ ಅಳೆದರು, ಅಷ್ಟೇ ಬಂತು. ಸೀಮೆಸುಣ್ಣದಲ್ಲಿ ಗೋಡೆಗೆ ಗುರುತು ಹಾಕಿದರು. ಆಮೇಲೆ ಕಾಗದ ತೆಗೆದುಕೊಂಡು ದುಂಡಗೆ ಬರೆದರು: ಮಂಚ, ಉದ್ದ ಎಪ್ಪತ್ತಾರು.

ಯಾಕೆ ಎಪ್ಪತ್ತಾರು ಅಂತ ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅಳತೆ ಅಂದರೆ ಎರಡಿಂಚು ಸೇರಿಸಿದ್ದೇ ಅಳತೆ. ಉಸಿರಾಡುವಾಗ ಯಾರಾದರೂ ಯೋಚನೆ ಮಾಡಿ ಉಸಿರಾಡುತ್ತಾರೆಯೇ.

ಬಚ್ಚಲ ಸರಳಿಗೆ, ಸ್ಟೂಲಿಗೆ ಹೆಂಡತಿಯ ಅಳತೆ ಬೇಕಿತ್ತು. "ಬಾ ಇಲ್ಲಿ, ನಿಂತ್ಕೋ" ಅನ್ನಬಹುದಿತ್ತು. ಅನ್ನಲಿಲ್ಲ. "ನನ್ನ ಹೆಂಡ್ತಿ ಅಳತೆ ನನಗೆ ಬಾಯಿಪಾಠ" ಅಂತ ಹೇಳಿ, ಕಪಾಟಿನಿಂದ ಹಳೆಯ ಅಳತೆ ಪುಸ್ತಕ ತೆಗೆದರು. ಮೊದಲನೇ ಪುಟದ ಮೊದಲನೇ ಸಾಲೇ ಆಕೆಯದು. ಮದುವೆಯಾದ ವರ್ಷ ಬರೆದದ್ದು: ಎತ್ತರ, ಭುಜ, ತೋಳು, ಮಂಡಿಯಿಂದ ಹಿಮ್ಮಡಿ, ಎಲ್ಲವೂ ಇತ್ತು. ಮಂಡಿಯಿಂದ ಹಿಮ್ಮಡಿಯ ಅಳತೆ ಯಾವ ಬಟ್ಟೆಗೆ ಬೇಕಾಗಿತ್ತು ಅಂತ ಮಾತ್ರ ಕೇಳಬೇಡಿ. ಹೊಸದಾಗಿ ಮದುವೆಯಾದ ಟೈಲರು, ಕೈಯಲ್ಲಿ ಟೇಪು ಇತ್ತು, ಅಳೆದುಕೊಂಡಿದ್ದರು.

ಅದಕ್ಕೆಲ್ಲ ಎರಡೆರಡು ಇಂಚು ಕೂಡಿಸಿ ಪಟ್ಟಿ ಮಾಡಿ ಬಡಗಿಗೆ ಕೊಟ್ಟರು. ಬಡಗಿ ಮೂರು ಬೀದಿ ಆಚೆಯವನು. ಕಿವಿಯ ಸಂದಿಯಲ್ಲಿ ಪೆನ್ಸಿಲು, ಬಾಯಲ್ಲಿ ಅಳೆದು ತೂಗಿದ ಮಾತು. ಕಾಗದ ನೋಡಿ, "ಇದೇ ಅಳತೆಯಾ?" ಅಂದ.

"ಇದೇ."

"ಬಂದು ಒಂದ್ಸಲ ನೋಡ್ಲಾ?"

ಮಾಸ್ಟ್ರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ನಲವತ್ತೆರಡು ವರ್ಷದಿಂದ ಅಳೀತಿದೀನಪ್ಪ. ನೀನು ಹುಟ್ಟಿದಾಗ ನಿನಗೆ ಅಂಗಿ ಹೊಲಿದವನು ನಾನು."

"ಸರಿ ಮಾಸ್ಟ್ರೇ. ಅಳತೆ ನಿಮ್ಮದು, ಗರಗಸ ನಂದು" ಅಂದು ಬಡಗಿ ಕಾಗದ ಜೇಬಿಗಿಟ್ಟ.

ಆ ವಾರವೆಲ್ಲ ಮಾಸ್ಟ್ರು ಬಲು ಹುರುಪಿನಲ್ಲಿದ್ದರು. ಹೊಸ್ತಿಲು ತೆಗೆಸಿದರು. ಬೆಳಕಿನ ಸ್ವಿಚ್ಚು ಕೆಳಗಿಳಿಸಿದರು. ಕಾಲಿಗೆ ತೊಡರುವ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು. ಮಗಳ ಪಟ್ಟಿಯನ್ನು ಟೇಬಲ್ಲಿನ ಮೇಲೆ ಅಂಟಿಸಿಕೊಂಡು ಒಂದೊಂದಕ್ಕೇ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಬಂದರು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಇಳಿಸಿದ್ದರಿಂದ ಎರಡು ದಿನ ಯಾರಿಗೂ ಉಪ್ಪು ಸಿಗಲಿಲ್ಲ. ಹೆಂಡತಿ ಗುಂಡಿ ಹೊಲಿಯುತ್ತಾ, ನಡುನಡುವೆ ಟೇಬಲ್ಲನ್ನೊಮ್ಮೆ, ಗಂಡನನ್ನೊಮ್ಮೆ ನೋಡುತ್ತಾ ಇದ್ದರು.

ಶನಿವಾರ ಮಧ್ಯಾಹ್ನ ಬಡಗಿ ಕೈಗಾಡಿಯಲ್ಲಿ ಎಲ್ಲವನ್ನೂ ಹೇರಿಕೊಂಡು ಬಂದ. ಮೊದಲು ಬಚ್ಚಲಲ್ಲಿ ಸರಳು ಕೂರಿಸಿದ, ಕಾಗದದಲ್ಲಿದ್ದ ಎತ್ತರಕ್ಕೆ ಸರಿಯಾಗಿ. ಹೆಂಡತಿ ಹೋಗಿ ಹಿಡಿದು ನೋಡಿದರು. ಹಿಡಿಯಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕಾಯಿತು.

"ಬೀಳದೆ ಇರೋಕೆ ಹಿಡ್ಕೋಬೇಕೋ, ಇದನ್ನ ಹಿಡಿಯೋಕೆ ಹೋಗಿ ಬೀಳ್ಬೇಕೋ?" ಅಂದರು.

"ಹೊಸದಲ್ವಾ, ಅಭ್ಯಾಸ ಆಗುತ್ತೆ" ಅಂದರು ಮಾಸ್ಟ್ರು.

ಆಮೇಲೆ ಸ್ಟೂಲು. ಹೆಂಡತಿ ಹತ್ತಿ ಕೂತರು. ಹೌದು, ಹತ್ತಿಯೇ ಕೂರಬೇಕಿತ್ತು. ಕೂತ ಮೇಲೆ ಎರಡು ಕಾಲೂ ನೆಲ ಬಿಟ್ಟು ತೂಗಾಡಿದವು. ಆಕೆ ಒಂದೆರಡು ಸಲ ಕಾಲು ಹಿಂದೆ ಮುಂದೆ ಆಡಿಸಿ, "ಚೆನ್ನಾಗಿದೆ, ಚಿಕ್ಕೋಳಾಗಿದ್ದಾಗ ಸೇತುವೆ ಮೇಲೆ ಹೀಗೇ ಕೂರ್ತಿದ್ದೆ" ಅಂದರು. ಬಡಗಿ ಗೋಡೆ ಕಡೆ ತಿರುಗಿ ಕೆಮ್ಮಿದ. ಅದು ಕೆಮ್ಮಲ್ಲ ಅಂತ ಮಾಸ್ಟ್ರಿಗೂ ಗೊತ್ತಾಯಿತು.

"ಎರಡಿಂಚು ತೆಗೆದುಬಿಡು" ಅಂದರು ಮಾಸ್ಟ್ರು. ಬಡಗಿ ಸ್ಟೂಲನ್ನು ಬೋರಲು ಹಾಕಿ, ನಾಲ್ಕು ಕಾಲಿಗೂ ಪೆನ್ಸಿಲು ಗೆರೆ ಎಳೆದು, ಗರಗಸ ಆಡಿಸಿದ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನಾಲ್ಕು ತುಂಡು ನೆಲಕ್ಕೆ ಬಿದ್ದವು. ಹೆಂಡತಿ ಬಗ್ಗಿ ಒಂದು ತುಂಡು ಎತ್ತಿಕೊಂಡು, ಅದನ್ನೂ ಅಂಗಡಿಯ ಕಡೆಯನ್ನೂ ನೋಡಿದರು. ಮತ್ತೆ ಕೂತು ನೋಡಿದರೆ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ.

ಕೊನೆಗೆ ಮಂಚ. ಇಸ್ತ್ರಿಯವನನ್ನೂ ಕರೆದು ಮೂವರೂ ಸೇರಿ ಸಂದಿಗೆ ನೂಕಿದರು. ತಲೆಯ ಕಡೆ ಕೂತಿತು, ಕಾಲಿನ ಕಡೆ ಗೋಡೆಗೆ ಬಡಿಯಿತು. ಕಾಲಿನ ಕಡೆಯಿಂದ ಹಾಕಿದರು, ತಲೆಯ ಕಡೆ ಬಡಿಯಿತು. ಓರೆ ಮಾಡಿದರು, ಎತ್ತಿ ಇಳಿಸಿದರು, ಒಂದು ಸಲ ನಿಲ್ಲಿಸಿಯೂ ನೋಡಿದರು. ಜಪ್ಪಯ್ಯ ಅಂದರೂ ಮಂಚ ಒಳಗೆ ಹೋಗಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ" ಅಂದ ಇಸ್ತ್ರಿಯವನು ಬೆವರು ಒರೆಸಿಕೊಳ್ಳುತ್ತಾ. "ಇಲ್ಲಿ ಗೋಡೇನೇ ಚಾಚಬೇಕು."

ಬಡಗಿ ಸೊಂಟದಿಂದ ಕಬ್ಬಿಣದ ಟೇಪು ತೆಗೆದು ಸಂದು ಅಳೆದ. "ಎಪ್ಪತ್ತನಾಲ್ಕು." ಮಂಚ ಅಳೆದ. "ಎಪ್ಪತ್ತಾರು. ಕಾಗದದಲ್ಲಿರೋದೇ ಇದು ಮಾಸ್ಟ್ರೇ."

"ಎಪ್ಪತ್ತನಾಲ್ಕೇ ಇರೋದು. ಎರಡಿಂಚು ಮಾರ್ಜಿನ್ ಅಲ್ವೇನಯ್ಯ, ನೀನು ಒಳಗೆ ಮಡಚಬೇಕಿತ್ತು."

"ಮರಾನ?"

ಇಸ್ತ್ರಿಯವನಿಗೆ ಇದ್ದಕ್ಕಿದ್ದಂತೆ ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟದ್ದು ನೆನಪಾಗಿ ಹೊರಗೆ ಓಡಿದ. ಅವನು ನಗುವುದು ಬೀದಿಯುದ್ದಕ್ಕೂ ಕೇಳಿಸಿತು.

"ಮಂಚ ಬಿಚ್ಚಿ ಮತ್ತೆ ಜೋಡಿಸೋಕೆ ಎಷ್ಟೊತ್ತು?" ಅಂದರು ಮಾಸ್ಟ್ರು.

"ಮರ ಕೂಡಿಸೋ ಸಂದುಕಟ್ಟು ಎಲ್ಲ ಹೊಸದಾಗಿ ಕೊರೀಬೇಕು. ನಾಲ್ಕು ದಿನ."

ಮಗಳು ಬರುವುದು ನಾಳೆ ಬೆಳಿಗ್ಗೆ. ಮಾಸ್ಟ್ರು ಆದರೂ ಮಾತಿನಲ್ಲಿ ಸೋಲಲಿಲ್ಲ, ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. "ಮಂಚದ್ದು ಒಪ್ಪಿದೆ. ಆದ್ರೆ ಸರಳು, ಸ್ಟೂಲು? ಅದಕ್ಕೂ ಎರಡೇ ಇಂಚು ಸೇರಿಸಿದ್ದು. ಎರಡಿಂಚು ತೆಗೆದ್ಮೇಲೂ ಕಾಲು ಮುಟ್ಟಲ್ಲ ಅಂದ್ರೆ ತಪ್ಪು ನಂದಲ್ಲ. ನನ್ನ ಟೇಪು ಹಿಗ್ಗಿರ್ಬೇಕು. ಬಟ್ಟೆ ಟೇಪು, ಹಳೇದಾದ್ರೆ ಹಿಗ್ಗುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದರು ಹೆಂಡತಿ. "ಆ ಅಳತೆಗೆ ಟೇಪು ಹಿಡಿದಿದ್ರೆ ತಾನೇ ಹಿಗ್ಗೋದು? ನನ್ನನ್ನ ಕೊನೇ ಸಲ ಅಳೆದಿದ್ದು ಯಾವಾಗ, ಹೇಳಿ ನೋಡೋಣ."

ಮಾಸ್ಟ್ರು ಇಪ್ಪತ್ತು ವರ್ಷದಿಂದ ಆಕೆಗೆ ಹಳೆಯ ಬ್ಲೌಸಿನ ಅಳತೆಯಲ್ಲೇ ಹೊಸದು ಹೊಲಿಯುತ್ತಾ ಬಂದಿದ್ದರು. ಆಕೆ ಅದನ್ನು ಇಸಕೊಂಡು, ಸದ್ದಿಲ್ಲದೆ ತಾನೇ ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

"ಕೊಡಪ್ಪ ನಿನ್ನ ಟೇಪು" ಅಂತ ಹೆಂಡತಿ ಬಡಗಿಯ ಕಬ್ಬಿಣದ ಟೇಪು ಇಸಕೊಂಡು ಗಂಡನ ಕೈಗೆ ಕೊಟ್ಟರು. ಗೋಡೆಗೆ ಬೆನ್ನು ಕೊಟ್ಟು ನಿಂತರು. "ಅಳೀರಿ. ಇದು ಹಿಗ್ಗಲ್ಲ."

ಮಾಸ್ಟ್ರು ಅಳೆದರು. ಪುಸ್ತಕದಲ್ಲಿ ಐದಡಿ ಎರಡಿಂಚು ಇದ್ದದ್ದು ಈಗ ಐದಡಿ. ಮತ್ತೊಮ್ಮೆ ಅಳೆದರು. "ನೆಟ್ಟಗೆ ನಿಂತ್ಕೊಳ್ಳೇ" ಅಂದರು. "ಇದೇ ನೆಟ್ಟಗೆ" ಅಂದರು ಹೆಂಡತಿ. ಭುಜ ಹದಿನಾರು ಇದ್ದದ್ದು ಹದಿನಾಲ್ಕು. ಮಂಡಿ ಹತ್ತಿರ ಬಗ್ಗಿ ಟೇಪಿನ ತುದಿಯನ್ನು ಹಿಮ್ಮಡಿಗೆ ಒತ್ತಿ ಹಿಡಿದಾಗ, ಹದಿನೇಳಿದ್ದದ್ದು ಹದಿನಾರಕ್ಕೆ ನಿಂತಿತು. ಮಂಡಿ ಊದಿ ಬಿಸಿಯಾಗಿತ್ತು. ಅಷ್ಟು ಹತ್ತಿರದಿಂದ ಅವರು ಆ ಮಂಡಿಯನ್ನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಮಾರ್ಜಿನ್ ಬಿಡೋದು ಬೆಳೆಯೋರಿಗೆ" ಅಂದರು ಹೆಂಡತಿ ಮೇಲಿಂದ. ದನಿಯಲ್ಲಿ ಕೋಪವೇನೂ ಇರಲಿಲ್ಲ. "ನಾನು ಇನ್ನು ಎಲ್ಲಿಗೆ ಬೆಳೀಲಿ?"

ಇದೂ ಮಾಸ್ಟ್ರಿಗೆ ಮೊದಲ ಸಲ ಕೇಳಿಸಲಿಲ್ಲ. ಆಕೆ ಇನ್ನೆರಡು ಸಲ ಹೇಳಬೇಕಾಯಿತು. ಆಮೇಲೆ ಮೆಲ್ಲಗೆ, "ಬಿಡಿ, ನಾಳೆ ಪುಟ್ಟಿ ಜೊತೆ ಹೋಗ್ತೀನಿ. ನಾಲ್ಕು ದಿನ ಆದ್ಮೇಲೆ ನೋಡೋಣ" ಅಂದು ಮೆಟ್ಟಿಲ ಕೆಳಗಿನಿಂದ ತಮ್ಮ ಚೀಲ ಎಳೆದು ಧೂಳು ಒರೆಸತೊಡಗಿದರು.

ನಾಲ್ಕು ದಿನ ಅಂತ ಹೋದವರು ನಾಲ್ಕು ದಿನಕ್ಕೆ ಬರುವುದಿಲ್ಲ ಅಂತ ಮಾಸ್ಟ್ರಿಗೆ ಗೊತ್ತಿತ್ತು. ನಾಳೆ ಬಂದು ತಗೊಂಡು ಹೋಗ್ತೀನಿ ಅಂತ ಬಿಟ್ಟುಹೋದ ಬಟ್ಟೆಗಳು ಅವರ ಕಪಾಟಿನಲ್ಲಿ ಹತ್ತು ವರ್ಷದಿಂದ ಇದ್ದವು. ಅವರು ಟೇಬಲ್ಲಿನ ಹತ್ತಿರ ಹೋಗಿ ನಿಂತರು. ಅಂಗೈಯಿಂದ ಅದರ ಮೇಲೆ ಒಂದು ಸಲ ಸವರಿದರು, ಬಟ್ಟೆ ಹಾಸುವ ಮೊದಲು ಸವರುತ್ತಿದ್ದ ಹಾಗೆ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಕಷ್ಟಪಟ್ಟು ನೆಲಕ್ಕೆ ಕೂತು, ಟೇಬಲ್ಲಿನ ಕಾಲಿಗೆ ಗುರುತು ಹಾಕತೊಡಗಿದರು.

ಬಡಗಿ ನೋಡಿದ. "ಮಾಸ್ಟ್ರೇ, ಏನ್ ಮಾಡ್ತಿದೀರಾ?"

"ಏಳಡಿ ಉದ್ದ, ಮೂರೂವರೆ ಅಗಲ. ಇದಕ್ಕಿಂತ ಗಟ್ಟಿ ಮಂಚ ನಿನ್ನ ಹತ್ರ ಇದೆಯಾ? ಆ ಸಂದು ಬೇಡ, ಕಾಲು ಕೊಯ್ದು ಎದುರು ಗೋಡೆಗೆ ಉದ್ದಕ್ಕೆ ಒತ್ತರಿಸಿದ್ರೆ ಆಯ್ತು. ನೆಲದಿಂದ ಹದಿನಾರಿಂಚು ಉಳಿಸು, ಉಳಿದಿದ್ದು ತೆಗಿ."

ಬಡಗಿ ಗರಗಸ ಕೈಗೆತ್ತಿಕೊಂಡವನು ನಿಂತ. ಈ ಒಂದು ವಾರದಲ್ಲಿ ಅವನೂ ಪಾಠ ಕಲಿತಿದ್ದ. "ಹದಿನಾರರಲ್ಲಿ ಎರಡು ಸೇರಿದೆಯಾ?"

"ಇಲ್ಲ."

"ಅಂದ್ರೆ ನಿಜವಾದ ಹದಿನಾರು?"

"ನಿಜವಾದ ಹದಿನಾರು. ನಿನ್ನ ಟೇಪಲ್ಲೇ ಅಳೆದಿದ್ದು."

"ಹಾಸಿಗೆ?" ಅಂದರು ಹೆಂಡತಿ.

ಇಬ್ಬರೂ ತಿರುಗಿ ನೋಡಿದರು. ಹೆಂಡತಿ ಚೀಲ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಮೇಲೆ ಹಾಸಿಗೆ ಹಾಕಲ್ವಾ? ಹಾಸಿಗೆ ನಾಲ್ಕಿಂಚು. ಕೂತ್ರೆ ಒಂದಿಂಚು ತಗ್ಗುತ್ತೆ. ಮೂರು. ಹದಿಮೂರಕ್ಕೆ ಕೊಯ್ಯಪ್ಪ."

ಆ ಲೆಕ್ಕ ಅಷ್ಟು ಬೇಗ ಹೇಗೆ ಬಂತು ಅಂತ ಮಾಸ್ಟ್ರು ಕೇಳಲಿಲ್ಲ. ಕೇಳಿದ್ದರೆ ಆಕೆ ಹೇಳುತ್ತಿದ್ದರು: ಬಂದದ್ದು ಇವತ್ತಲ್ಲ, ಒಂಬತ್ತನೇ ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದಾಗ, ಎದುರಿಗೆ ಆ ಟೇಬಲ್ಲನ್ನು ಬಿಟ್ಟು ನೋಡುವುದಕ್ಕೆ ಬೇರೆ ಏನೂ ಇರಲಿಲ್ಲ. ಆದರೆ ಅದು ಗಂಡನ ಟೇಬಲ್ಲು. ಅವರ ಬಾಯಿಂದಲೇ ಬರಲಿ ಅಂತ ಒಂದು ತಿಂಗಳು ಗುಂಡಿ ಹೊಲಿಯುತ್ತಾ ಕಾದಿದ್ದರು.

ಇಸ್ತ್ರಿಯವನನ್ನು ಮತ್ತೆ ಕರೆಯಬೇಕಾಯಿತು. ಟೇಬಲ್ಲನ್ನು ಬೋರಲು ಹಾಕಿದಾಗ ಅದರ ಹೊಟ್ಟೆಯ ತುಂಬ ಬಣ್ಣಬಣ್ಣದ ಸೀಮೆಸುಣ್ಣದ ಗೀಚು ಕಂಡಿತು. ಮಗಳು ಚಿಕ್ಕವಳಿದ್ದಾಗ ಕೆಳಗೆ ಮಲಗಿಕೊಂಡು ಬರೆದದ್ದು: ನಾಲ್ಕು ಕಾಲಿನ ಒಂದು ಪ್ರಾಣಿ, ಪಕ್ಕದಲ್ಲಿ ಟೇಪು ಹಾಕಿಕೊಂಡ ಒಬ್ಬ ಮನುಷ್ಯ. ಯಾರೂ ಅದನ್ನು ಅಳಿಸಲಿಲ್ಲ. ಬಡಗಿ ಗರಗಸ ಹಾಕಿದ. ಮಾಸ್ಟ್ರು ನೋಡಲಾರದೆ ಬೀದಿಗೆ ಹೋಗಿ ನಿಂತರು. ಅವರ ಮಂದ ಕಿವಿಗೂ ಆ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಅಂತ ಬಿಟ್ಟುಬಿಟ್ಟರು.

ಒಳಗೆ ಬಂದಾಗ ಟೇಬಲ್ಲು ಗೋಡೆಗೆ ಒತ್ತಿಕೊಂಡು ಕುಳ್ಳಗೆ ನಿಂತಿತ್ತು, ಹಾಸಿಗೆ ಹಾಸಿತ್ತು, ಹೆಂಡತಿ ಅದರ ಮೇಲೆ ಕೂತಿದ್ದರು. ಎರಡೂ ಪಾದ ನೆಲದ ಮೇಲೆ ಸಮವಾಗಿ ಊರಿದ್ದವು. ಮಾಸ್ಟ್ರು ಬಗ್ಗಿ, ಹಿಮ್ಮಡಿಗೂ ನೆಲಕ್ಕೂ ನಡುವೆ ಮಗಳ ಪಟ್ಟಿಯ ಕಾಗದ ತೂರಿಸಲು ನೋಡಿದರು. ತೂರಲಿಲ್ಲ. ನಲವತ್ತೆರಡು ವರ್ಷದಲ್ಲಿ ಮಾರ್ಜಿನ್ ಇಲ್ಲದೆ ಅವರು ಕೊಯ್ಯಿಸಿದ ಮೊದಲ ಸಾಮಾನು ಅದು. ಬಡಗಿ ಸರಳನ್ನು ನಾಲ್ಕಿಂಚು ಕೆಳಗಿಳಿಸಿ, ಸ್ಟೂಲಿನಿಂದ ಇನ್ನೊಂದಿಂಚು ತೆಗೆದು, ಮಂಚವನ್ನು ವಾಪಸು ಗಾಡಿಗೆ ಹೇರಿದ. "ಯಾರಾದ್ರೂ ಉದ್ದದೋರು ಸಿಗ್ತಾರೆ ಬಿಡಿ" ಅಂದ.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಕೈಯಲ್ಲಿ ಪಟ್ಟಿ, ಹೆಗಲಲ್ಲಿ ಒಂದು ಖಾಲಿ ಚೀಲ. ಚಪ್ಪಲಿ ಬಿಡುವ ಮೊದಲೇ ಹೊಸ್ತಿಲು ಇದ್ದ ಜಾಗವನ್ನು ಕಾಲಲ್ಲಿ ಸವರಿ ನೋಡಿದಳು. ಸ್ವಿಚ್ಚು ಒತ್ತಿದಳು. ಬಚ್ಚಲಲ್ಲಿ ಸರಳಿಗೆ ಜೋತುಬಿದ್ದು ಎಳೆದಳು, ಆಸ್ಪತ್ರೆಯಲ್ಲಿ ಎಷ್ಟು ಸರಳು ಕಿತ್ತುಬಂದದ್ದು ನೋಡಿದ್ದಳೋ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಏಳಿಸಿದಳು. ಆಮೇಲೆ ಮುಂದಿನ ಕೋಣೆಗೆ ಬಂದು ಹಾಸಿಗೆಯ ಅಂಚು ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಅಪ್ಪ, ಇದು ಟೇಬಲ್ಲು."

"ಆಗಿತ್ತು" ಅಂದರು ಮಾಸ್ಟ್ರು.

"ನೀವೇ ಕೊಯ್ಸಿದ್ರಾ?"

"ಬೀದೀಲಿ ನಿಂತಿದ್ದೆ."

ಮಗಳು ನೆಲಕ್ಕೆ ಕೂತು ತಲೆ ಬಗ್ಗಿಸಿ ಕೆಳಗೆ ನೋಡಿದಳು. ಆ ನಾಲ್ಕು ಕಾಲಿನ ಪ್ರಾಣಿ ಅಲ್ಲೇ ಇತ್ತು. ಅವಳು ಎದ್ದಾಗ ಮೂಗು ಕೆಂಪಾಗಿತ್ತು. ಆದರೂ ನರ್ಸು ನರ್ಸೇ. ಪಟ್ಟಿ ಬಿಡಿಸಿ ಹತ್ತು ಗುರುತು ಹಾಕಿ, ಕೊನೆಯದಕ್ಕೆ ಬಂದು ಪೆನ್ನು ನಿಲ್ಲಿಸಿದಳು.

"ಹನ್ನೊಂದನೇದು. ಅಮ್ಮ ಕೂಗಿದ್ರೆ ಯಾರಿಗೆ ಕೇಳಿಸುತ್ತೆ? ಅಪ್ಪ, ನೀವು ಮಲಗೋದೆಲ್ಲಿ?"

ಮಾಸ್ಟ್ರು ಮೆಟ್ಟಿಲ ಕಡೆ ನೋಡಿದರು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಎಲ್ಲ ಅಳೆದಿದ್ದರು, ಇದೊಂದನ್ನು ಅಳೆದಿರಲಿಲ್ಲ. "ಮೇಲೆ" ಅಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ.

"ಪಕ್ಕದಲ್ಲೇ ಇದ್ದಾಗ ಒಂದು ಗಂಟೆ ಕೇಳಿಸ್ಲಿಲ್ಲ. ಇನ್ನು ಹದಿಮೂರು ಮೆಟ್ಟಿಲು ಮೇಲಿಂದ?" ಮಗಳು ಗದರಿಸುತ್ತಿರಲಿಲ್ಲ, ಅದೇ ಕಷ್ಟವಾದದ್ದು. ಅವಳು ಹೆಗಲಿನ ಖಾಲಿ ಚೀಲ ಕೆಳಗಿಳಿಸಿದಳು. "ಅಪ್ಪ, ನಿಮ್ಮ ಮೇಲೆ ಕೋಪ ಅಲ್ಲ. ಆದ್ರೆ ನಂಗೆ ಅಲ್ಲಿ ನಿದ್ದೆ ಬರಲ್ಲ."

ಮಾಸ್ಟ್ರ ಕೈ ತಾನಾಗಿ ಕೊರಳಿನ ಟೇಪಿಗೆ ಹೋಯಿತು. ಅಳೆಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆಯಿತು, ಹೆಂಡತಿ ಹೋದಳು ಅಂದುಕೊಂಡರು.

"ಆ ಟೇಪು ಇಲ್ಲಿ ಕೊಡಿ" ಅಂದರು ಹೆಂಡತಿ.

ಕೊಟ್ಟರು. "ತಿರುಗಿ" ಅಂದರು. ತಿರುಗಿದರು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅಳೆಸಿಕೊಳ್ಳದೆ ಉಳಿದವರು ಅವರೊಬ್ಬರೇ. ಹೆಂಡತಿ ಕೂತಲ್ಲಿಂದ ಎದ್ದು, ಗಂಡನ ಬೆನ್ನಿಗೆ ಟೇಪು ಹಿಡಿದು, ಒಂದು ಭುಜದಿಂದ ಇನ್ನೊಂದಕ್ಕೆ ಎಳೆದರು.

"ಹದಿನೆಂಟು. ನನ್ನದು ಹದಿನಾಲ್ಕು. ಮೂವತ್ತೆರಡು" ಅಂದರು ಮಗಳಿಗೆ. "ಟೇಬಲ್ ಅಗಲ ನಲವತ್ತೆರಡು. ಹತ್ತು ಉಳೀತು. ಮಧ್ಯೆ ಆರು, ಮಗ್ಗುಲಾಗೋಕೆ. ಆ ಕಡೆ ಎರಡು, ಈ ಕಡೆ ಎರಡು."

"ಮಾರ್ಜಿನ್" ಅಂದಳು ಮಗಳು.

"ಇನ್ನೇನು ಮತ್ತೆ. ನಿಮ್ಮಪ್ಪನ ಜೊತೆ ನಲವತ್ತು ವರ್ಷ ಕೂತಿದೀನಿ." ಹೆಂಡತಿ ಟೇಪನ್ನು ಸುತ್ತಿ ಗಂಡನ ಜೇಬಿಗೆ ಹಾಕಿದರು. "ಆ ಖಾಲಿ ಚೀಲ ತಗೊಂಡು ಮೇಲೆ ಹೋಗು ಪುಟ್ಟಿ. ಅವರ ದಿಂಬು, ಹೊದಿಕೆ, ಕನ್ನಡಕದ ಡಬ್ಬಿ ಹಾಕ್ಕೊಂಡು ಬಾ. ಆ ಮಹಡೀಲಿ ಇನ್ನು ಯಾರಿಗೂ ಕೆಲಸ ಇಲ್ಲ."

ಮಗಳು ಒಂದು ಗಳಿಗೆ ಇಬ್ಬರನ್ನೂ ನೋಡಿದಳು. ಹನ್ನೊಂದನೆಯದಕ್ಕೆ ಗುರುತು ಹಾಕಿ, ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಮಾಸ್ಟ್ರು ಹಾಸಿಗೆಯ ತುದಿಯಲ್ಲಿ ಕೂತರು. ಅವರ ಮಂಡಿಗೆ ಅದು ಸ್ವಲ್ಪ ತಗ್ಗಾಯಿತು, ಆದರೆ ಅವರು ಅದನ್ನು ಹೇಳಲಿಲ್ಲ. "ಲಿಫ್ಟ್ ಇದೆ ಅಂದಿದ್ದೆ ನೀನು" ಅಂದರು ಕೊನೆಗೆ.

"ಲಿಫ್ಟ್ ಇದೆ ಅಂದೆ, ಹೋಗ್ತೀನಿ ಅಂದ್ನಾ?" ಹೆಂಡತಿ ಪಕ್ಕದಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿದರು. ಆಮೇಲೆ, ಮೇಲಿದ್ದ ಮಗಳಿಗೆ ಕೇಳಿಸದ ಹಾಗೆ, ಪಿಸುದನಿಯಲ್ಲಿ ಅಂದರು: "ಗೋಡೆ ಕಡೆ ನೀವು. ಇನ್ಮೇಲೆ ನಾನು ಕೂಗಲ್ಲ. ಬೇಕಾದ್ರೆ ಮೊಣಕೈಯಲ್ಲಿ ತಿವೀತೀನಿ."

ಮಾಸ್ಟ್ರಿಗೆ ಅದು ಮೊದಲನೇ ಸಲಕ್ಕೇ ಕೇಳಿಸಿತು.